ತೋಳಿನ ಜೋಲು ಚರ್ಮ ಹೋಗಬೇಕು, ಕಲೆ ಮಾತ್ರ ಬೀಳಬಾರದು ಎನ್ನುವವರಿಗೆ

ಈ ಸಲ ಬಂದ ಪ್ರಶ್ನೆಗಳೆಲ್ಲ ರಟ್ಟೆಯ ಬಗ್ಗೆಯೇ. ಅದರಲ್ಲೂ ಒಂದು ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬಂದಿದೆ. ಹೋದಲ್ಲಿ ಬಂದಲ್ಲಿ ಅದಕ್ಕೇ ಉತ್ತರ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಅದನ್ನು ಇಲ್ಲಿ ಪೂರ್ತಿ ಬಿಡಿಸಿ ಹೇಳುತ್ತೇನೆ. ಉಳಿದವಕ್ಕೆ ಚುಟುಕು ಉತ್ತರ ಸಾಕು.

ಪ್ರಶ್ನೆ: 30 ಕೆ.ಜಿ. ತೂಕ ಇಳಿಸಿದ್ದೇನೆ. ಕೈ ಎತ್ತಿದರೆ ರಟ್ಟೆಯ ಕೆಳಗೆ ಚರ್ಮ ಜೋತು ಬೀಳುತ್ತದೆ. ಅದನ್ನು ತೆಗೆಸಬೇಕು, ಆದರೆ ಕಲೆ ಉಳಿಯಬಾರದು. ಲೇಸರ್‌ನಲ್ಲಿ ಕಲೆಯೇ ಇಲ್ಲದೆ ಮಾಡುತ್ತಾರಂತೆ, ನಿಜವೇ?

ನಿಜವಲ್ಲ. ಹಾಗೆಂದು ಹೇಳಿದವರು ನಿಮ್ಮ ಕಿವಿಗೆ ಹೂ ಇಟ್ಟಿದ್ದಾರೆ.

ಹೆಚ್ಚಾಗಿರುವ ಚರ್ಮ ಹೋಗಬೇಕೆಂದರೆ ಅದನ್ನು ಕತ್ತರಿಸಲೇಬೇಕು. ಕತ್ತರಿಸಿದ ಕಡೆ ಹೊಲಿಗೆ, ಹೊಲಿದ ಕಡೆ ಕಲೆ. ನಾವು ಬ್ರೇಕಿಯೊಪ್ಲಾಸ್ಟಿ ಎನ್ನುವ ಶಸ್ತ್ರಚಿಕಿತ್ಸೆಯಲ್ಲಿ ಆ ಕಲೆ ಕಂಕುಳಿನಿಂದ ಹೆಚ್ಚುಕಡಿಮೆ ಮೊಣಕೈವರೆಗೆ ಇರುತ್ತದೆ. ತುಂಬಾ ತೂಕ ಇಳಿಸಿದವರಲ್ಲಿ ಕಂಕುಳು ದಾಟಿ ಎದೆಯ ಪಕ್ಕಕ್ಕೂ ಇಳಿಯಬಹುದು. ಲೇಸರ್ ಆಗಲಿ, ರೇಡಿಯೊಫ್ರೀಕ್ವೆನ್ಸಿ ಆಗಲಿ, ಚರ್ಮದ ಅಡಿಯ ಪದರವನ್ನು ಬಿಸಿ ಮಾಡುತ್ತವೆ, ಅಷ್ಟೆ. ಬಿಸಿಗೆ ಕೊಲಾಜೆನ್, ಅಂದರೆ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್, ಸ್ವಲ್ಪ ಮುದುಡುತ್ತದೆ. ಚರ್ಮ ಒಂಚೂರು ಸಡಿಲವಾದವರಿಗೆ ಅದರಿಂದ ಒಂಚೂರು ಪ್ರಯೋಜನ ಉಂಟು. ನಿಮ್ಮ ಚರ್ಮದ ಸ್ಥಿತಿ ಬೇರೆ. ವರ್ಷಗಟ್ಟಲೆ ಹಿಗ್ಗಿ, ಅದನ್ನು ಮತ್ತೆ ಬಿಗಿಗೆ ತರುವ ಎಳೆಗಳೇ ಹಾಳಾಗಿರುತ್ತವೆ. ಎಷ್ಟೇ ಬಿಸಿ ಮಾಡಿದರೂ ಅಂಗೈ ಅಗಲದ ಮಡಿಕೆ ಮಾಯವಾಗುವುದಿಲ್ಲ.

ಇದೇ ಭರವಸೆ ನಂಬಿ ಲೇಸರ್ ಮಾಡಿಸಿಕೊಂಡ ಮಹಿಳೆಯೊಬ್ಬರು ನನ್ನ ಬಳಿ ಬಂದಿದ್ದರು. ಎರಡೂ ರಟ್ಟೆಯ ಒಳಬದಿಯಲ್ಲಿ ಕಾಳಿನಷ್ಟು ದೊಡ್ಡ ಸುಟ್ಟ ಗುರುತುಗಳು. ಜೋಲು ಚರ್ಮ ಹಾಗೆಯೇ ಇತ್ತು. ಕಲೆ ಬೇಡವೆಂದು ಹೋದವರಿಗೆ ಕಲೆ ಮಾತ್ರ ಸಿಕ್ಕಿತ್ತು. ಸುಟ್ಟ ಜಾಗ ಪೂರ್ತಿ ಮೆತ್ತಗಾಗುವವರೆಗೆ ನಾನು ಚಾಕು ಹಿಡಿಯಲಿಲ್ಲ. ಅವರು ಒಂದು ವರ್ಷ ಕಾಯಬೇಕಾಯಿತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಕಲೆ ಬೀಳುವುದು ಖಚಿತ. ನೀವು ಕೇಳಬೇಕಾದದ್ದು ಅದು ಎಲ್ಲಿ ಬೀಳುತ್ತದೆ, ಹೇಗೆ ಮಾಗುತ್ತದೆ ಎಂದು. ರಟ್ಟೆಯ ಒಳಬದಿಯ ತಗ್ಗಿನಲ್ಲಿ ಹಾಕಿದರೆ ಕೈ ಇಳಿಬಿಟ್ಟಾಗ ಮರೆಯಾಗುತ್ತದೆ, ಕೈ ಎತ್ತಿದಾಗ ಕಾಣುತ್ತದೆ. ಹಿಂಬದಿಗೆ ಹಾಕಿದರೆ ನಿಮಗೆ ಕಾಣುವುದಿಲ್ಲ, ಹಿಂದೆ ನಿಂತವರಿಗೆ ಕಾಣುತ್ತದೆ. ಸರ್ಜನ್‌ಗಳಲ್ಲೇ ಈ ಬಗ್ಗೆ ಒಮ್ಮತವಿಲ್ಲ. ನಾನು ಹೆಚ್ಚಾಗಿ ಒಳಬದಿಗೇ ಹಾಕುತ್ತೇನೆ. ಮೊದಲ ಭೇಟಿಯಲ್ಲೇ ಪೆನ್ನು ತೆಗೆದುಕೊಂಡು ಕಂಕುಳಿನಿಂದ ಮೊಣಕೈವರೆಗೆ ಗೆರೆ ಎಳೆದು, ಅಳಿಸದೆ ಮನೆಗೆ ಹೋಗಿ ಎನ್ನುತ್ತೇನೆ. ಕನ್ನಡಿ ಮುಂದೆ ತಲೆ ಬಾಚಿಕೊಳ್ಳಿ, ಮೇಲಿನ ಕಪಾಟಿನಿಂದ ಏನಾದರೂ ಇಳಿಸಿ, ಮನೆಯವರಿಗೂ ತೋರಿಸಿ. ಅಳಿಸಿದರೆ ಮತ್ತೆ ಎಳೆದುಕೊಳ್ಳಿ. ವಾರ ಕಳೆದ ಮೇಲೂ "ಜೋಲು ಚರ್ಮಕ್ಕಿಂತ ಈ ಗೆರೆಯೇ ವಾಸಿ" ಅನ್ನಿಸಿದರೆ ಮಾತ್ರ ಮುಂದಿನ ಮಾತು. ಗೆರೆ ನೋಡಿಯೇ ಬೇಡವೆಂದು ಬಿಟ್ಟವರೂ ಇದ್ದಾರೆ. ಅವರು ಸರಿಯಾದ ನಿರ್ಧಾರವನ್ನೇ ತೆಗೆದುಕೊಂಡರು.

ತೋಳಿನ ಕಲೆ ಸುಲಭಕ್ಕೆ ಮಾಗುವುದಿಲ್ಲ. ಒಳಬದಿಯ ಚರ್ಮ ತೆಳು, ಕೈ ದಿನವಿಡೀ ಆಡುತ್ತಲೇ ಇರುತ್ತದೆ, ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ. ಮೊದಲ ಕೆಲವು ವಾರ ಕಲೆ ತೆಳ್ಳಗೆ, ನೀಟಾಗಿ ಕಾಣುತ್ತದೆ, ರೋಗಿ ಖುಷಿಯಾಗಿರುತ್ತಾರೆ. ಎರಡನೇ ಮೂರನೇ ತಿಂಗಳಿಗೆ ಅದು ಕೆಂಪಾಗಿ, ಗಟ್ಟಿಯಾಗಿ, ಉಬ್ಬಿ, ತುರಿಸತೊಡಗುತ್ತದೆ. "ಡಾಕ್ಟ್ರೇ, ಏನೋ ಕೆಟ್ಟಿದೆ" ಎಂದು ಫೋನು ಬರುವುದು ಆಗಲೇ. ಏನೂ ಕೆಟ್ಟಿರುವುದಿಲ್ಲ, ಗಾಯ ಮಾಗುವ ಕ್ರಮವೇ ಅದು. ಆರು ತಿಂಗಳ ನಂತರ ಕೆಂಪು ಇಳಿಯತೊಡಗುತ್ತದೆ. ಕಲೆ ತನ್ನ ಕೊನೆಯ ರೂಪಕ್ಕೆ ಬರಲು 12ರಿಂದ 18 ತಿಂಗಳು ಬೇಕು. ಗಾಯ ಪೂರ್ತಿ ಕೂಡಿದ ಮೇಲೆ ಸಿಲಿಕೋನ್ ಹಾಳೆಯನ್ನು ದಿನಕ್ಕೆ 12 ಗಂಟೆಗಿಂತ ಹೆಚ್ಚು ಹೊತ್ತು, ಎರಡು ಮೂರು ತಿಂಗಳು ಬಿಡದೆ ಹಚ್ಚಿ. ಬಿಸಿಲಿಗೆ ಬಿಡಬೇಡಿ. ಕಿವಿ ಚುಚ್ಚಿಸಿದ ಕಡೆ ಗಂಟು ಬೆಳೆದಿದ್ದರೆ, ಹಳೆಯ ಗಾಯ ಕೀಲಾಯ್ಡ್ (ಗಾಯದ ಅಂಚು ಮೀರಿ ಉಬ್ಬಿ ಬೆಳೆಯುವ ಕಲೆ) ಆಗಿದ್ದರೆ ಮೊದಲೇ ಹೇಳಿ. ಅಂಥವರಿಗೆ ನಾನು ಈ ಸರ್ಜರಿ ಬೇಡವೆಂದೇ ಹೇಳುವುದು ಹೆಚ್ಚು.

"ಕಂಕುಳಲ್ಲಿ ಮಾತ್ರ ಹೊಲಿಗೆ ಹಾಕಿ ಮುಗಿಸಿ" ಎಂದೂ ಕೇಳುತ್ತಾರೆ. ಕಂಕುಳಿನ ಹತ್ತಿರ ಮಾತ್ರ ಚರ್ಮ ಸಡಿಲವಾದವರಿಗೆ ಅದು ಆಗುತ್ತದೆ. ಮೊಣಕೈವರೆಗೆ ಜೋತಿರುವವರಿಗೆ ಹಾಗೆ ಮಾಡಿದರೆ ಕಂಕುಳಲ್ಲಿ ನೆರಿಗೆ ಕಟ್ಟಿ, ಕೆಳಗಿನದು ಹಾಗೆಯೇ ಉಳಿಯುತ್ತದೆ. ಉದ್ದ ಗೆರೆ ಕಂಕುಳು ದಾಟುವ ಕಡೆ ಅದನ್ನು ಅಂಕುಡೊಂಕಾಗಿ ತಿರುಗಿಸಬೇಕು. ನೇರವಾಗಿ ಎಳೆದರೆ ಕಲೆ ಹಗ್ಗದ ಹಾಗೆ ಬಿಗಿದು ಕೈ ಪೂರ್ತಿ ಮೇಲೆತ್ತಲು ಕಷ್ಟವಾಗುತ್ತದೆ. "ಕಂಕುಳಲ್ಲಿ ಗೆರೆ ಹೇಗೆ ತಿರುಗಿಸುತ್ತೀರಿ?" ಎಂದು ನಿಮ್ಮ ಸರ್ಜನ್‌ಗೆ ಕೇಳಿ. ಕೈಯಲ್ಲಿ ಬರೆದು ತೋರಿಸಿದರೆ ಸರಿ, ಬೇಸರ ಮಾಡಿಕೊಂಡರೆ ಇನ್ನೊಬ್ಬರನ್ನು ನೋಡಿ.

ಇನ್ನು "ಆದಷ್ಟು ಸಣ್ಣ ಮಾಡಿಬಿಡಿ" ಎನ್ನುವ ಒತ್ತಾಯ. ಆಪರೇಷನ್ ಟೇಬಲ್ ಮೇಲೆ ತೋಳು ನಮ್ಮ ಕಣ್ಣೆದುರೇ ಊದಿಕೊಳ್ಳುತ್ತದೆ. ಒಂದೇ ಸಲಕ್ಕೆ ಇಡೀ ಪಟ್ಟಿ ಕತ್ತರಿಸಿ ತೆಗೆದರೆ, ಹೊಲಿಯುವ ಹೊತ್ತಿಗೆ ಎರಡು ಅಂಚು ಕೂಡದ ಪರಿಸ್ಥಿತಿ ಬರಬಹುದು. ಅದಕ್ಕೇ ನಾನು ಒಂದು ಗೇಣು ಕತ್ತರಿಸಿ, ಅಷ್ಟನ್ನು ಕೂಡಿಸಿ, ಆಮೇಲೆ ಮುಂದಿನ ಗೇಣಿಗೆ ಹೋಗುತ್ತೇನೆ. ಬಿಗಿದು ಹೊಲಿದ ತೋಳಿನಲ್ಲಿ ಹೊಲಿಗೆ ಬಿಟ್ಟುಕೊಳ್ಳುತ್ತದೆ, ಕಲೆ ಅಗಲವಾಗುತ್ತದೆ. ಮೊಣಕೈ ಕಡೆ ಆಳಕ್ಕೆ ಹೋದರೆ ಮುಂಗೈಯ ಒಳಬದಿಗೆ ಸ್ಪರ್ಶಜ್ಞಾನ ಕೊಡುವ ನರಕ್ಕೆ ಪೆಟ್ಟಾಗಬಹುದು. ಜೋಮು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ. ನರ ತುಂಡಾಗಿ ಗಂಟು ಕಟ್ಟಿದರೆ ಮುಟ್ಟಿದಾಗಲೆಲ್ಲ ನೋವು. ನಾಲ್ಕು ಬೆರಳಿನಷ್ಟು ಸಣ್ಣ ಮಾಡಬಲ್ಲೆ ಅನ್ನಿಸಿದರೂ ಮೂರಕ್ಕೇ ನಿಲ್ಲಿಸುವವನು ನಾನು. ಇದಕ್ಕೆ ನನ್ನನ್ನು ಬೈದವರಿದ್ದಾರೆ, ಬೈಯಲಿ.

ಪ್ರಶ್ನೆ: ಲೈಪೊಸಕ್ಷನ್ ಸಾಲದೇ?

ಕೊಬ್ಬು ಹೆಚ್ಚಿದ್ದು ಚರ್ಮ ಬಿಗಿಯಾಗಿದ್ದರೆ ಸಾಕು. ಚರ್ಮ ಸಡಿಲವಾದವರಿಗೆ ಕೊಬ್ಬು ಮಾತ್ರ ಹೀರಿದರೆ ಇನ್ನಷ್ಟು ಜೋಲುತ್ತದೆ.

ಪ್ರಶ್ನೆ: ಡಂಬೆಲ್ ಎತ್ತಿದರೆ ಚರ್ಮ ಬಿಗಿಯಾಗುತ್ತದೆಯೇ? ಯಾವ ಕ್ರೀಮ್ ಒಳ್ಳೆಯದು?

ಡಂಬೆಲ್‌ಗೆ ಸ್ನಾಯು ಬೆಳೆಯುತ್ತದೆ, ಚರ್ಮ ಕುಗ್ಗುವುದಿಲ್ಲ. ಯಾವ ಕ್ರೀಮೂ ಬೇಡ.

ಪ್ರಶ್ನೆ: ಬ್ಯೂಟಿ ಪಾರ್ಲರ್‌ನಲ್ಲಿ ಕೊಬ್ಬು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ತೋಳಿಗೆ ತೆಗೆದುಕೊಳ್ಳಬಹುದೇ?

ಬೇಡ, ಬೇಡ, ಬೇಡ. ಡಿಆಕ್ಸಿಕೋಲಿಕ್ ಆಸಿಡ್ ಎಂಬ ಕೊಬ್ಬು ಕರಗಿಸುವ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟದ್ದು ಗದ್ದದ ಕೆಳಗಿನ ಕೊಬ್ಬಿಗೆ ಮಾತ್ರ, ಅದೂ ವೈದ್ಯರ ಕೈಯಲ್ಲಿ. ಹೆಸರಿಲ್ಲದ ಬಾಟಲಿಯಿಂದ ತೋಳಿಗೆ ಚುಚ್ಚಿಸಿಕೊಂಡವರಲ್ಲಿ ಕೀವು, ಗಂಟು, ಶಾಶ್ವತವಾಗಿ ಉಳಿಯುವ ಗುಳಿ ಕಾಣಿಸಿಕೊಂಡಿವೆ. ಬಾಟಲಿಯ ಮೇಲೇನಿದೆ ಎಂದು ಓದದೆ ಸೂಜಿಗೆ ಕೈ ಒಡ್ಡಬೇಡಿ.

ಪ್ರಶ್ನೆ: ಇನ್ನೂ 10 ಕೆ.ಜಿ. ಇಳಿಸುವುದಿದೆ. ಸರ್ಜರಿ ಮೊದಲು ಮಾಡಿಸಿಕೊಂಡರೆ ಹುರುಪು ಬರುತ್ತದಲ್ಲವೇ?

ಮೊದಲು ತೂಕ ಇಳಿಸಿ. ಇಳಿದ ತೂಕ ಆರು ತಿಂಗಳಾದರೂ ಅಲ್ಲಾಡದೆ ನಿಲ್ಲಲಿ, ಆಮೇಲೆ ಬನ್ನಿ. ಈಗ ಮಾಡಿದರೆ ಚರ್ಮ ಮತ್ತೆ ಜೋಲುತ್ತದೆ. ತೂಕ ಇಳಿಸುವ ವಾರದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ತಜ್ಞರಿಗೆ ತಪ್ಪದೆ ತಿಳಿಸಿ. ಅದರಿಂದ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಪ್ರಶ್ನೆ: ದಿನಕ್ಕೆ ಎರಡೇ ಸಿಗರೇಟು ಸೇದುತ್ತೇನೆ. ಪರವಾಗಿಲ್ಲವೇ?

ಇಲ್ಲ, ಅದೂ ಆಗದು. ಸರ್ಜರಿಗೆ ಮೊದಲು ನಾಲ್ಕು ವಾರ, ನಂತರ ನಾಲ್ಕು ವಾರ ಒಂದೂ ಕೂಡದು. ನಿಕೋಟಿನ್‌ಗೆ ರಕ್ತನಾಳ ಕುಗ್ಗಿ ಹೊಲಿಗೆಯ ಅಂಚು ಕಪ್ಪಾಗಿ ಸಾಯುತ್ತದೆ.

ಪ್ರಶ್ನೆ: ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಕಂಕುಳಿನ ಗಂಟುಗಳನ್ನು ತೆಗೆದಿದ್ದಾರೆ. ಆ ಕಡೆಯ ತೋಳಿಗೆ ಮಾಡಿಸಬಹುದೇ?

ನನ್ನನ್ನು ಕೇಳಿದರೆ ಬೇಡ. ಆ ತೋಳಿನಿಂದ ದುಗ್ಧರಸ (ಲಿಂಫ್ ಎನ್ನುವ ತಿಳಿ ದ್ರವ) ಹಿಂದಿರುಗುವ ದಾರಿ ಈಗಾಗಲೇ ಕಡಿಮೆಯಾಗಿದೆ, ಉಳಿದದ್ದನ್ನೂ ಕತ್ತರಿಸಿದರೆ ಜೀವನಪರ್ಯಂತ ಬಾವು ಉಳಿಯಬಹುದು. ನಿಮ್ಮ ಕ್ಯಾನ್ಸರ್ ವೈದ್ಯರ ಜೊತೆ ಮಾತಾಡದೆ ಯಾವ ಸರ್ಜನ್ ಒಪ್ಪಿಕೊಂಡರೂ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಮನೆಯಲ್ಲಿ ಎರಡು ವರ್ಷದ ಮಗು ಇದೆ. ಸರ್ಜರಿಯಾದ ಎಷ್ಟು ದಿನಕ್ಕೆ ಎತ್ತಿಕೊಳ್ಳಬಹುದು?

ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು. ಬಿಗಿಪಟ್ಟಿಯ ತೋಳುಚೀಲ ನಾಲ್ಕರಿಂದ ಆರು ವಾರ ಹಾಕಿಕೊಳ್ಳಬೇಕು. ಭಾರ ಎತ್ತುವುದು ಆರು ವಾರದವರೆಗೆ ಇಲ್ಲ, ಮಗುವೂ ಭಾರವೇ. ನಿಮ್ಮನ್ನು ಕಂಡೊಡನೆ ಅದು ಎರಡೂ ಕೈ ಚಾಚುತ್ತದೆ, ಒಂದು ದಿನ ಮನಸ್ಸು ತಡೆಯದೆ ಎತ್ತಿಕೊಳ್ಳುತ್ತೀರಿ, ಕಂಕುಳಿನ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಇಂಥದ್ದನ್ನು ರಾತ್ರಿ ಹತ್ತು ಗಂಟೆಗೆ ಮತ್ತೆ ಹೊಲಿದಿದ್ದೇನೆ. ಮಗುವನ್ನು ನೋಡಿಕೊಳ್ಳಲು ಬೇರೆಯವರಿಲ್ಲದಿದ್ದರೆ ಎರಡು ವರ್ಷ ಮುಂದೂಡಿ. ಅಷ್ಟರಲ್ಲಿ ಅದು ತಾನಾಗಿಯೇ ಹತ್ತಿ ತೊಡೆಯ ಮೇಲೆ ಕೂರುವಷ್ಟು ದೊಡ್ಡದಾಗಿರುತ್ತದೆ.