ಸರದಿ ಕಾಯುವವರ ಪರವಾಗಿ

ಪತ್ರ: ನಾನು ಬುಕ್ ಮಾಡಿದ ಕಾರಿಗೆ ಎಂಟು ತಿಂಗಳು ಕಾಯಬೇಕೆಂದ ಡೀಲರ್, 62,000 ರೂಪಾಯಿಯ ಆಕ್ಸೆಸರೀಸ್ ಪ್ಯಾಕನ್ನೂ ತನ್ನಲ್ಲೇ ಮಾಡಿಸುವ ವಿಮೆಯನ್ನೂ ತೆಗೆದುಕೊಂಡರೆ ಹದಿನೈದು ದಿನದಲ್ಲಿ ಕಾರು ಕೊಡುವುದಾಗಿ ಹೇಳಿದ. ತೆಗೆದುಕೊಂಡೆ. ಇದನ್ನು ಕೇಳುವವರೇ ಇಲ್ಲವೇ?
(ಓದುಗರೊಬ್ಬರು, ದಾವಣಗೆರೆ)

ಸಂಪಾದಕರ ಉತ್ತರ: ತಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಡೀಲರನ ಮೇಲೆ ಸಿಟ್ಟು ಬಂತು. ಎರಡನೆಯ ಸಲ, ಕ್ಷಮಿಸಿ, 'ತೆಗೆದುಕೊಂಡೆ' ಎಂಬಲ್ಲಿ ಕಣ್ಣು ನಿಂತಿತು.

ಷೋರೂಮಿನ ಬಾಡಿಗೆ, ಸಾಲದ ಬಡ್ಡಿ ಡೀಲರನಿಗೂ ಇರುತ್ತವೆ, ಒಪ್ಪೋಣ. ಆದರೆ ಹೆಚ್ಚಿಗೆ ಕೇಳುವುದನ್ನು ಹೆಚ್ಚಿಗೆಯೆಂದೇ ಬರೆಯುವ ಧೈರ್ಯ ಆತನಿಗೇಕಿಲ್ಲ? ಅಮೆರಿಕದಲ್ಲಿ ಸೆನೆಟರ್ ಮನ್ರೋನಿ ಮುಂದೆ ನಿಂತು ತಂದ 1958ರ ಕಾಯ್ದೆಯಂತೆ, ತಯಾರಕರು ಸೂಚಿಸಿದ ಬೆಲೆಯ ಚೀಟಿ ಹೊಸ ಕಾರಿನ ಗಾಜಿನ ಮೇಲೆ ಇರಲೇಬೇಕು. 2021ರಲ್ಲಿ ಕಾರುಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳ ಕೊರತೆ ಬಿದ್ದಾಗ ಅಲ್ಲಿನ ಅನೇಕ ಡೀಲರುಗಳು ಅದರ ಪಕ್ಕದಲ್ಲೇ 'ಮಾರುಕಟ್ಟೆ ಹೊಂದಾಣಿಕೆ' ಎಂದು ಇನ್ನೊಂದು ಚೀಟಿ ಅಂಟಿಸಿ ಸಾವಿರಾರು ಡಾಲರ್ ಹೆಚ್ಚಿಗೆ ಕೇಳಿದರು. ಸುಲಿಗೆಯೇ ಸರಿ, ಆದರೆ ಬರೆದು ಅಂಟಿಸಿದ ಸುಲಿಗೆ. ನಮ್ಮಲ್ಲಿ ಅದೇ ಹಣ ಸೀಟ್ ಕವರು, ಮಡ್ ಫ್ಲ್ಯಾಪು, ಟೆಫ್ಲಾನ್ ಕೋಟಿಂಗುಗಳ ವೇಷ ಹಾಕಿಕೊಂಡು ಬರುತ್ತದೆ.

ಕಂಪನಿಗಳನ್ನು ಕೇಳಿದರೆ ಡೀಲರ್ ಸ್ವತಂತ್ರ ವ್ಯಾಪಾರಿ ಎನ್ನುತ್ತವೆ. ಹಾಗಿದ್ದರೆ ಮಾರುಕಟ್ಟೆಯ ಪೈಪೋಟಿಗೆ ಧಕ್ಕೆ ಬಾರದಂತೆ ಕಾಯುವ ಸ್ಪರ್ಧಾ ಆಯೋಗವು 2021ರ ಆಗಸ್ಟಿನಲ್ಲಿ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿದ್ದೇಕೆ? ನಿಗದಿಗಿಂತ ಹೆಚ್ಚು ರಿಯಾಯಿತಿ ಕೊಡುವ ಡೀಲರುಗಳನ್ನು ಪತ್ತೆಹಚ್ಚಲು ಕಂಪನಿಯೇ ಗಿರಾಕಿಗಳ ವೇಷದಲ್ಲಿ ಜನರನ್ನು ಕಳಿಸಿ, ಸಿಕ್ಕಿಬಿದ್ದವರಿಗೆ ದಂಡ ಹಾಕುತ್ತಿತ್ತು ಎಂಬುದು ಆಯೋಗದ ತೀರ್ಮಾನವಾಗಿತ್ತು. (ಕಂಪನಿ ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿತು.) ಕಡಿಮೆಗೆ ಮಾರಿದವನನ್ನು ಹುಡುಕಲು ಇಷ್ಟೆಲ್ಲ ದಾರಿಗಳಿರುವಾಗ, ಹೆಚ್ಚಿಗೆ ಕಿತ್ತವನು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲವೆಂದರೆ ನಂಬುವುದು ಕಷ್ಟ.

ನಮ್ಮ ತಂದೆಯವರು ಎಪ್ಪತ್ತರ ದಶಕದಲ್ಲಿ ಚೇತಕ್ ಸ್ಕೂಟರಿಗೆ ಹೆಸರು ಬರೆಸಿ ಏಳು ವರ್ಷ ಕಾದಿದ್ದರು. ಅಲಾಟ್‌ಮೆಂಟ್ ಕಾಗದ ಬಂದ ವಾರದಲ್ಲೇ ಪಕ್ಕದ ಬೀದಿಯ ಜವಳಿ ವ್ಯಾಪಾರಿಯೊಬ್ಬರು, ಸ್ಕೂಟರಿನ ಬೆಲೆಯ ಮೇಲೆ ಕೈತುಂಬ 'ಪ್ರೀಮಿಯಂ' ಕೊಡುವುದಾಗಿ ಹೇಳಿಕೊಂಡು ಮನೆಗೆ ಬಂದರು. ತಂದೆಯವರು ಕಾಫಿ ಕೊಟ್ಟು ಕಳಿಸಿದರು. ಆಗ ಎಷ್ಟು ತಯಾರಿಸಬೇಕೆಂಬುದಕ್ಕೇ ಸರ್ಕಾರದ ಲೈಸೆನ್ಸ್ ಬೇಕಿತ್ತು. 1983ರಲ್ಲಿ ಮೊದಲ ಮಾರುತಿ 800 ಯಾರಿಗೆಂಬುದನ್ನೂ ಲಾಟರಿಯೇ ನಿರ್ಧರಿಸಿತು. ಲೈಸೆನ್ಸಿನ ಕಾಲ ಮುಗಿದರೂ ಪ್ರೀಮಿಯಂ ಮುಗಿಯಲಿಲ್ಲ, ಹೆಸರು ಬದಲಾಯಿತು ಅಷ್ಟೆ. ಇದು ಕಾರಿನ ಗೀಳೊಂದೇ ಅಲ್ಲ. ರೈಲಿನಲ್ಲಿ ತತ್ಕಾಲ್, ತಿರುಪತಿಯಲ್ಲಿ 300 ರೂಪಾಯಿಯ ದರ್ಶನ. ಸಾಲಿನಲ್ಲಿ ಸುಮ್ಮನೆ ನಿಂತವನು ಈಗ ಪೆದ್ದನಂತೆ ಕಾಣುತ್ತಾನೆ. ಅವಕ್ಕಾದರೂ ದರ ಬಹಿರಂಗವಾಗಿದೆ, ರಸೀದಿ ಸಿಗುತ್ತದೆ.

ತಾವು ಈಗ ಮಾಡಬಹುದಾದದ್ದು ಇಷ್ಟು: ಪ್ರತಿಯೊಂದು ಸಾಮಾನಿನ ದರವನ್ನೂ ಬೇರೆ ಬೇರೆ ನಮೂದಿಸಿದ ಬಿಲ್ಲನ್ನು ಕೇಳಿ ಪಡೆಯಿರಿ. ವಿಮೆಯನ್ನು ಬೇಕಾದ ಕಡೆ ಮಾಡಿಸುವ ಹಕ್ಕು ತಮಗಿತ್ತು. ಅದನ್ನು ತಪ್ಪಿಸಿದ್ದಕ್ಕೆ ಬರವಣಿಗೆಯ ಸಾಕ್ಷ್ಯವಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಆದರೆ ತಮಗೆ ಹದಿನೈದು ದಿನದಲ್ಲಿ ಸಿಕ್ಕ ಕಾರು, ಆ ಪಟ್ಟಿಯಲ್ಲಿ ತಮಗಿಂತ ಮೊದಲೇ ಹೆಸರು ಬರೆಸಿದ್ದ ಯಾರದೋ ಆಗಿರಬೇಕು. ಅವರಿಂದಲೂ ಪತ್ರ ಬಂದರೆ ಪ್ರಕಟಿಸುತ್ತೇವೆ, ಸರದಿಯ ಪ್ರಕಾರ.