ನಿಮ್ಮ ಇಂದಿರಾ ಲೇಖನದ ಬಗ್ಗೆ

ನಮಸ್ಕಾರ,

ಇಂದಿರಾ ಗಾಂಧಿ ಬಗ್ಗೆ ನೀವು ಕಳಿಸಿದ ‘ಉಕ್ಕಿನ ಮಹಿಳೆ’ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಭಾಷೆ ಚೆನ್ನಾಗಿದೆ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ತೊಂದರೆ ಬೇರೆ ಕಡೆ ಇದೆ.

‘ರಾಜಕೀಯ ಅವರ ರಕ್ತದಲ್ಲೇ ಇತ್ತು’ ಅಂತ ನಾಲ್ಕು ಕಡೆ ಬರೆದಿದ್ದೀರಿ. 1966ರಲ್ಲಿ ಪ್ರಧಾನಿಯಾಗಿದ್ದಕ್ಕೂ ಅದೇ ಕಾರಣ, 1980ರಲ್ಲಿ ಮರಳಿ ಗೆದ್ದಿದ್ದಕ್ಕೂ ಅದೇ. ಎಲ್ಲದಕ್ಕೂ ಒಂದೇ ಉತ್ತರ ಇದ್ದರೆ ಓದುಗ ಮುಂದೆ ಯಾಕೆ ಓದಬೇಕು? ಮೋತಿಲಾಲರ ಮೊಮ್ಮಗಳು, ನೆಹರೂ ಮಗಳು, ಸರಿ. ಆದರೆ ಪ್ರಧಾನಿ ಶಾಸ್ತ್ರಿ ತೀರಿಕೊಂಡಾಗ ಕಾಂಗ್ರೆಸ್ ಅಧ್ಯಕ್ಷ ಕಾಮರಾಜ್ ಬಳಗ ಅವರನ್ನು ಆರಿಸಿದ್ದು ಮೊರಾರ್ಜಿ ದೇಸಾಯಿಯನ್ನು ತಡೆಯೋಕೆ. ಹೆಸರಿಗೆ ವೋಟು ಬರುತ್ತದೆ, ಹುಡುಗಿ ಹೇಳಿದಂತೆ ಕೇಳುತ್ತಾಳೆ ಅನ್ನೋ ಲೆಕ್ಕ. ಸಮಾಜವಾದಿ ನಾಯಕ ಲೋಹಿಯಾ ‘ಗೂಂಗಿ ಗುಡಿಯಾ’ (ಮೂಕ ಬೊಂಬೆ) ಅಂತ ಹಂಗಿಸಿದ್ದೂ ಆಗಲೇ. ಆ ಲೆಕ್ಕ ಹೇಗೆ ತಲೆಕೆಳಗಾಯಿತು ಅಂತ ಹೇಳದೆ ನೀವು ನೇರ ಬಾಂಗ್ಲಾ ಯುದ್ಧಕ್ಕೆ ಹಾರಿದ್ದೀರಿ.

ಅದು ತಲೆಕೆಳಗಾಗಲು ಶುರುವಾಗಿದ್ದು ಬೆಂಗಳೂರಿನಲ್ಲಿ! 1969ರ ಜುಲೈ, ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್‌ನ ಎಐಸಿಸಿ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪ. ಇಂದಿರಾಗೆ ಇಷ್ಟವಿಲ್ಲದಿದ್ದರೂ ಹಿರಿಯರು ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿ ಮಾಡಿದರು. ದೆಹಲಿಗೆ ಹೋದವರೇ ಇಂದಿರಾ, ಮೊರಾರ್ಜಿ ಕೈಯಿಂದ ಹಣಕಾಸು ಖಾತೆ ಕಿತ್ತುಕೊಂಡರು. ಅದೇ ತಿಂಗಳ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ. ನಮ್ಮ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿ ಸೇರಿದವು. ನವೆಂಬರ್‌ನಲ್ಲಿ ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಹೊರಗೆ ಹಾಕಿದರು. ಇಷ್ಟಕ್ಕೆಲ್ಲ ನೀವು ಕೊಟ್ಟಿರುವುದು ಒಂದು ಸಾಲು: ‘ಪಕ್ಷದಲ್ಲಿ ಭಿನ್ನಾಭಿಪ್ರಾಯ ತಲೆದೋರಿತು.’ ಏನ್ರೀ ಇದು?

ಬರಹಕ್ಕೆ ಜೀವ ಬಂದಿರುವುದು ಚಿಕ್ಕಮಗಳೂರಿನ 1978ರ ಉಪಚುನಾವಣೆಯಲ್ಲಿ. ಕಾಫಿ ತೋಟದ ಹೆಂಗಸರು ಕೆಲಸ ಬಿಟ್ಟು ರಸ್ತೆ ಬದಿ ಕಾದು ನಿಂತಿದ್ದನ್ನು ನಿಮ್ಮ ಅಜ್ಜಿ ಬಾಯಲ್ಲಿ ಹೇಳಿಸಿದ್ದೀರಲ್ಲ, ಅದು ಬೇರೆಯವರ ಹತ್ತಿರ ಇಲ್ಲ. ಆದರೆ ‘1977ರಲ್ಲಿ ದೇಶದೆಲ್ಲೆಡೆ ಸೋತಿದ್ದರು’ ಅನ್ನೋದು ತಪ್ಪು. ಕರ್ನಾಟಕದ 28 ಸೀಟಲ್ಲಿ 26 ಕಾಂಗ್ರೆಸ್‌ಗೇ ಬಂದಿದ್ದವು. ರಾಯಬರೇಲಿಯಲ್ಲಿ ಸೋತವರು ಇಷ್ಟು ದೂರ ಬಂದಿದ್ದು ಅದಕ್ಕೇ ಅಲ್ವಾ? ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಮುಖ್ಯಮಂತ್ರಿ ದೇವರಾಜ ಅರಸು ಬೆನ್ನಿಗೆ ನಿಂತರು. ಎದುರಾಳಿ ವೀರೇಂದ್ರ ಪಾಟೀಲರು ಯಾರು? ಪಕ್ಷ ಒಡೆದಾಗ ಇಲ್ಲಿ ಮುಖ್ಯಮಂತ್ರಿಯಾಗಿದ್ದು ನಿಜಲಿಂಗಪ್ಪ ಕಡೆ ನಿಂತವರು. ಗಾಜಿನ ಮನೆ ಜಗಳ ಮಲೆನಾಡಿನವರೆಗೂ ಬಂದಿತ್ತು. ಇಂದಿರಾ 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಮರುವರ್ಷವೇ ಅರಸು ಇಂದಿರಾರಿಂದ ದೂರವಾದರು. ಪಾಟೀಲರೋ, ಮುಂದೆ ಅದೇ ಕಾಂಗ್ರೆಸ್ ಸೇರಿ 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು!

ಇನ್ನು ತುರ್ತು ಪರಿಸ್ಥಿತಿ. 21 ತಿಂಗಳನ್ನು ‘ಕೆಲವು ಕಠಿಣ ನಿರ್ಧಾರಗಳು’ ಅಂತ ಮುಗಿಸಿದ್ದೀರಿ. ಅಭಿಮಾನ ಇರಲಿ, ಬೇಡ ಅನ್ನಲ್ಲ. ಆದರೆ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಅಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ ಸತ್ತರು. ಅದನ್ನು ಬಿಟ್ಟು ಇಂದಿರಾ ಕಥೆ ಹೇಳಿದರೆ ನಮ್ಮ ಓದುಗರು ಸುಮ್ನಿರಲ್ಲ. ಮನೆತನದ ಮಾತು ನಿಜಕ್ಕೂ ಬೇಕಾದದ್ದು ಇಲ್ಲಿ. ಸರ್ಕಾರದಲ್ಲಿ ಯಾವ ಹುದ್ದೆಯೂ ಇಲ್ಲದ ಮಗ ಸಂಜಯ್ ಮಾತಿಗೆ ಮಂತ್ರಿಗಳು ಕಾಯುತ್ತಿದ್ದರು. ನಿಮ್ಮ ಲೇಖನದಲ್ಲಿ ಸಂಜಯ್ ಹೆಸರೇ ಇಲ್ಲ!

ಸಣ್ಣದೊಂದು: ಆಕ್ಸ್‌ಫರ್ಡ್‌ನಲ್ಲಿ ಇಂದಿರಾ ಓದಿದರು, ಪದವಿ ಮುಗಿಸಲಿಲ್ಲ. ತಿದ್ದಿ.

ಬಾಲ್ಯದ ಎರಡು ಪುಟ ತೆಗೆಯಿರಿ. ಅಪ್ಪ ಜೈಲಿನಲ್ಲಿ ನೂತ ನೂಲಿನ ಮದುವೆ ಸೀರೆ ಮಾತ್ರ ಉಳಿಸಿಕೊಳ್ಳಿ. 1969ರಿಂದ 1978ರವರೆಗೆ ಬರೆದರೆ ಸಾಕು. ಶೀರ್ಷಿಕೆ ಬದಲಿಸಿ, ಇದನ್ನು ಎಲ್ಲರೂ ಇಟ್ಟಾಗಿದೆ. ಆಮೇಲೆ ಅಜ್ಜಿಯನ್ನು ಇನ್ನೊಂದು ಸಲ ಕೂರಿಸಿಕೊಂಡು ಕೇಳಿ: ಆ ತೋಟದಲ್ಲಿ ಪಾಟೀಲರಿಗೆ ವೋಟು ಹಾಕಿದವರು ಯಾರೂ ಇರಲಿಲ್ವಾ?