ಜಪಾನಿನ ಅಕ್ಕಿ ಮದ್ಯ 'ಸಾಕೆ' ಮಾಡುವಾಗ ಅನ್ನವನ್ನು ಒಂದೇ ಸಲ ಹಾಕದೆ ಮೂರು ಕಂತಿನಲ್ಲಿ ಹಾಕುವುದೇಕೆ?

ಯೀಸ್ಟ್ ಸೋಲಬಾರದು ಅಂತ. ಮೊದಲು ತಯಾರಾಗುವ 'ಶುಬೊ' ಎಂಬ ಹೆಪ್ಪಿನಲ್ಲಿ ಯೀಸ್ಟ್ ದಟ್ಟವಾಗಿರುತ್ತದೆ. ಲ್ಯಾಕ್ಟಿಕ್ ಆಮ್ಲದ ಹುಳಿ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಹಬೆಯಲ್ಲಿ ಬೆಂದ ಅಕ್ಕಿ, ಕೋಜಿ (ಬೂಷ್ಟು ಬೆಳೆಸಿದ ಅನ್ನ), ನೀರು ಎಲ್ಲವನ್ನೂ ಒಟ್ಟಿಗೆ ಸುರಿದರೆ ಆ ಹುಳಿ ತೆಳುವಾಗಿ, ಬೇಡದ ಸೂಕ್ಷ್ಮಾಣುಗಳು ಮೇಲುಗೈ ಪಡೆದು ಇಡೀ ತೊಟ್ಟಿಯೇ ಕೆಟ್ಟುಹೋಗಬಹುದು.

ಅದಕ್ಕೇ ಇದು 4 ದಿನದ ಕೆಲಸ. ಮೊದಲ ದಿನ ಸುಮಾರು ಆರನೇ ಒಂದು ಭಾಗ, 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಎರಡನೇ ದಿನ ಏನೂ ಹಾಕುವುದಿಲ್ಲ. ಈ ಬಿಡುವಿಗೆ 'ಒದೊರಿ', ಅಂದರೆ ಕುಣಿತ, ಎಂದೇ ಚೆಂದದ ಹೆಸರಿದೆ. ಯೀಸ್ಟ್ ಹೆಚ್ಚುವುದು ಆಗಲೇ. ಅವಸರಪಟ್ಟು ಇದನ್ನು ಬಿಡಬಾರದು. ಮೂರನೇ ದಿನ ಮೊದಲಿನ ದುಪ್ಪಟ್ಟು, ನಾಲ್ಕನೇ ದಿನ ಉಳಿದದ್ದೆಲ್ಲ, 7-8 ಡಿಗ್ರಿಗೆ ತಂಪು ಮಾಡಿ. ಮುಂದೆ ಕೋಜಿ ಪಿಷ್ಟವನ್ನು ಸಕ್ಕರೆ ಮಾಡಿದ ಹಾಗೇ ಯೀಸ್ಟ್ ಅದನ್ನು ತಿನ್ನುತ್ತಾ ಹೋಗಿ, 3-4 ವಾರದಲ್ಲಿ ಆಲ್ಕೊಹಾಲ್ ಶೇ. 18-20ರ ಹತ್ತಿರ ಮುಟ್ಟುತ್ತದೆ.